ಇಂಗ್ಲೆಂಡಿನ ಹಳ್ಳಿಗಳ ಹಳೆಯ ಚರ್ಚ್ ಕಟ್ಟಡಗಳ ಬಳಕೆ ಕಾಲಕ್ರಮದಲ್ಲಿ ಹೇಗೆ ಬದಲಾಯಿತು?

ಈ ಕಟ್ಟಡಗಳು ಮೊದಲು ಪ್ರಾರ್ಥನೆಗಷ್ಟೇ ಮೀಸಲಾಗಿದ್ದು, ಈಚೆಗೆ ಮಾತ್ರ ಬೇರೆ ಕೆಲಸಗಳಿಗೆ ಒದಗುತ್ತಿವೆ ಎಂಬ ತಿಳಿವಳಿಕೆ ಸರಿಯಲ್ಲ. ಮಧ್ಯಯುಗದಲ್ಲಿ ಪೂಜಾಪೀಠವಿದ್ದ ಪೂರ್ವಭಾಗದ ಹೊಣೆ ಪಾದ್ರಿಯದಾಗಿದ್ದರೆ, ಜನ ಸೇರುವ ನಡುವಿನ ಅಂಕಣದ ದುರಸ್ತಿ ಊರವರ ಪಾಲಿಗೆ ಬರುತ್ತಿತ್ತು. 15ನೆಯ ಶತಮಾನದಲ್ಲಿ ಬೆಂಚುಗಳು ವ್ಯಾಪಕವಾಗುವವರೆಗೆ ಆ ಅಂಕಣ ಬಹುಮಟ್ಟಿಗೆ ಖಾಲಿ ನೆಲವಾಗಿದ್ದುದರಿಂದ, ಊರಿನ ಸಭೆಗಳೂ, ಚರ್ಚಿನ ಖರ್ಚಿಗಾಗಿ ಬಿಯರ್ ಮಾರಿ ಹಣ ಕೂಡಿಸುವ ಕೂಟಗಳೂ ಎಷ್ಟೋ ಕಡೆ ಅಲ್ಲಿಯೇ ನಡೆಯುತ್ತಿದ್ದವು. ಮುಖಮಂಟಪದ ಮೇಲಿನ ಕೋಣೆ ಕೆಲವೆಡೆ ಶಾಲೆಯಾಗಿತ್ತು.

1538ರಲ್ಲಿ ಜ್ಞಾನಸ್ನಾನ, ಮದುವೆ, ಅಂತ್ಯಸಂಸ್ಕಾರಗಳನ್ನು ದಾಖಲಿಸಬೇಕೆಂಬ ಆಜ್ಞೆ ಹೊರಟ ಮೇಲೆ ಚರ್ಚು ಊರಿನ ದಫ್ತರಖಾನೆಯೂ ಆಯಿತು. ಹಲವೆಡೆ ಇಂದಿಗೂ ಉಳಿದಿರುವ ಓಕ್ ಮರದ ಪೆಟ್ಟಿಗೆಗಳಿಗೆ ಮೂರು ಬೀಗಗಳಿವೆ: ಒಂದರ ಕೀಲಿಕೈ ಪಾದ್ರಿಯ ಬಳಿ, ಉಳಿದೆರಡು ಊರಿನ ಇಬ್ಬರು ಮೇಲ್ವಿಚಾರಕರ ಬಳಿ, ಮೂವರೂ ಕೂಡದೆ ಮುಚ್ಚಳ ತೆರೆಯುವಂತಿರಲಿಲ್ಲ.

ಇಂಗ್ಲೆಂಡಿನ ಚರ್ಚು ರೋಮಿನ ಪೋಪನಿಂದ ಬೇರ್ಪಟ್ಟ 16ನೆಯ ಶತಮಾನದ ಧಾರ್ಮಿಕ ಸುಧಾರಣೆಯ ನಂತರ, ಕಟ್ಟುನಿಟ್ಟಿನ ಪ್ರೊಟೆಸ್ಟಂಟರಾದ ಪ್ಯೂರಿಟನ್ನರ ವಿರೋಧದಿಂದ ಆ ಬಿಯರ್ ಕೂಟಗಳು ಕ್ಷೀಣಿಸಿದವು. 20ನೆಯ ಶತಮಾನದಲ್ಲಿ ಪ್ರಾರ್ಥನೆಗೆ ಬರುವವರೇ ವಿರಳವಾದಾಗ, ಬಳಕೆ ತಪ್ಪಿದ ಚರ್ಚುಗಳ ರಕ್ಷಣೆಗೆಂದು 1969ರಲ್ಲಿ ಒಂದು ನಿಧಿ ಸ್ಥಾಪನೆಯಾಯಿತು. ಇಂದು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಎಂಬ ಹೆಸರಿನ ಆ ಸಂಸ್ಥೆ 350ಕ್ಕೂ ಹೆಚ್ಚು ಕಟ್ಟಡಗಳನ್ನು ನೋಡಿಕೊಳ್ಳುತ್ತಿದೆ. ಇನ್ನು ಕೆಲವು ಮನೆಗಳಾಗಿವೆ. ಅಡ್ಡಗೋಡೆ, ಅಟ್ಟಗಳಿಂದ ಒಳಾವರಣದ ಎತ್ತರವೇ ಕಳೆದುಹೋಗುವುದರಿಂದ ಇದು ನನಗೆ ನೋವಿನ ಸಂಗತಿ. ಪ್ರಾರ್ಥನೆಯನ್ನು ಉಳಿಸಿಕೊಂಡೇ ಒಂದು ಮೂಲೆಯಲ್ಲಿ ಅಂಚೆ ಕಚೇರಿಯನ್ನೋ ಊರಿನ ಅಂಗಡಿಯನ್ನೋ ನಡೆಸುವ ಕ್ರಮವೇ ಕಟ್ಟಡದ ಹಳೆಯ ಸ್ವಭಾವಕ್ಕೆ ಹೆಚ್ಚು ಹತ್ತಿರವಾದುದು.