94ನ್ನು ಯಾವುದರಿಂದ ಭಾಗಿಸಬೇಕು?

ಕೂದಲು ಮತ್ತು ಕಣ್ಣಿನ ಬಣ್ಣದ ಸರ್ವೆ ಪಟ್ಟಿಯಲ್ಲಿ ಹೊಂಬಣ್ಣದ ಕೂದಲು, ನೀಲಿ ಕಣ್ಣು ಎರಡೂ ಇರುವವರು 94 ಜನ; ಆ ಒಂದೇ 94ಕ್ಕೆ ಒಂದು ಕಡೆ ಶೇ 74, ಇನ್ನೊಂದು ಕಡೆ ಶೇ 43.7 ಅಂತ ಉತ್ತರ ಬಂದಿದೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ. ಪ್ರಶ್ನೆಗಳೇ ಬೇರೆ ಬೇರೆ.

ಈ ಪಟ್ಟಿ ನನಗೆ ತುಂಬಾ ಇಷ್ಟ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ 592 ವಿದ್ಯಾರ್ಥಿಗಳ ಸರ್ವೆ ಇದು, ಸ್ನೀ ಅನ್ನುವವರು 1974ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಕಣ್ಣಿನ ಬಣ್ಣ ನಾಲ್ಕು ಇವೆ. ಇಲ್ಲಿ ನೀಲಿ ಒಂದು, ಉಳಿದ ಮೂರೂ ಸೇರಿ ಒಂದು ಅಂತ ಮಾಡಿಕೊಂಡಿದ್ದೇನೆ.

ಕಪ್ಪು ಕೂದಲು: ನೀಲಿ 20, ಉಳಿದದ್ದು 88, ಒಟ್ಟು 108
ಕಂದು ಕೂದಲು: ನೀಲಿ 84, ಉಳಿದದ್ದು 202, ಒಟ್ಟು 286
ಕೆಂಪು ಕೂದಲು: ನೀಲಿ 17, ಉಳಿದದ್ದು 54, ಒಟ್ಟು 71
ಹೊಂಬಣ್ಣದ ಕೂದಲು: ನೀಲಿ 94, ಉಳಿದದ್ದು 33, ಒಟ್ಟು 127
ಎಲ್ಲರೂ: ನೀಲಿ 215, ಉಳಿದದ್ದು 377, ಒಟ್ಟು 592

ಭಾಗಿಸುವ ಮುಂಚೆ ಒಂದೇ ಒಂದು ಮಾತು ಕೇಳಿಕೊಳ್ಳಿ: ಯಾರ ಪೈಕಿ? ಹೊಂಬಣ್ಣದ ಕೂದಲಿನವರ ಪೈಕಿ ನೀಲಿ ಕಣ್ಣಿನವರು ಎಷ್ಟು ಅಂದರೆ ಬೇರೆ ಸಾಲುಗಳನ್ನೆಲ್ಲ ಒಂದು ಕಾಗದದಿಂದ ಮುಚ್ಚಿಬಿಡಿ. ಕಾಣುವುದು 94, 33, 127 ಅಷ್ಟೇ. 94/127, ಅಂದರೆ ಶೇ 74. ನೀಲಿ ಕಣ್ಣಿನವರ ಪೈಕಿ ಹೊಂಬಣ್ಣದ ಕೂದಲಿನವರು ಎಷ್ಟು ಅಂದರೆ ನೀಲಿಯ ಕಂಬಸಾಲು ಬಿಟ್ಟು ಉಳಿದದ್ದು ಮುಚ್ಚಿ. ಆಗ 94/215, ಶೇ 43.7. ಎಲ್ಲರ ಪೈಕಿ ಎರಡೂ ಇರುವವರು ಎಷ್ಟು ಅಂದರೆ ಏನನ್ನೂ ಮುಚ್ಚಬೇಡಿ: 94/592, ಶೇ 15.9.

ಇನ್ನು ಶೇಕಡ ಯಾಕೆ ಬೇಕು, ಸಂಖ್ಯೆ ನೋಡಿದರೆ ಸಾಲದಾ ಅಂದಿರಲ್ವಾ? ಸಾಲದು. ನೀಲಿ ಕಣ್ಣಿನವರು ಕಂದು ಕೂದಲಿನಲ್ಲಿ 84, ಹೊಂಬಣ್ಣದಲ್ಲಿ 94. ಸುಮ್ನೆ ನೋಡಿದರೆ ಹೆಚ್ಚುಕಮ್ಮಿ ಒಂದೇ ಅನಿಸುತ್ತದೆ. ಆದರೆ ಕಂದು ಕೂದಲಿನವರೇ ಜಾಸ್ತಿ, 286 ಜನ. ಅವರಲ್ಲಿ ನೀಲಿ ಕಣ್ಣು ಶೇ 29.4 ಮಾತ್ರ. ಕಪ್ಪು ಕೂದಲಿನವರಲ್ಲಿ ಶೇ 18.5. ಇಡೀ ಗುಂಪಿನಲ್ಲಿ 215/592, ಅಂದರೆ ಶೇ 36.3. ಕೂದಲಿಗೂ ಕಣ್ಣಿಗೂ ನಂಟೇ ಇಲ್ಲದಿದ್ದರೆ ಎಲ್ಲ ಸಾಲಿನಲ್ಲೂ ಶೇ 36ರ ಆಸುಪಾಸೇ ಬರಬೇಕಿತ್ತು. ಹೊಂಬಣ್ಣದ ಸಾಲು ಅದರ ಎರಡರಷ್ಟಿದೆ. ಈ ಹೋಲಿಕೆಗಾಗಿಯೇ ಇಂಥ ಪಟ್ಟಿ ಮಾಡುವುದು.

ಇಂಥ ಪಟ್ಟಿಯನ್ನು ತಾನೇ ಎಣಿಸಿ ಮಾಡಿಕೊಡುವ ಎಕ್ಸೆಲ್‌ನ ಪಿವಟ್ ಟೇಬಲ್‌ನಲ್ಲಿ ಶೇಕಡ ತೆಗೆಯಲು ಸಾಲಿನ ಒಟ್ಟು, ಕಂಬದ ಒಟ್ಟು, ಪೂರ್ತಿ ಒಟ್ಟು ಮೂರಕ್ಕೂ ಬೇರೆ ಬೇರೆ ಆಯ್ಕೆ ಇದೆ. ಆರಿಸಿದ ಮೇಲೆ ಯಾವ ಕಡೆ ಕೂಡಿದರೆ ಶೇ 100 ಬರುತ್ತದೆ ಅಂತ ನೋಡಿಕೊಳ್ಳಿ. ಯಾವುದರಿಂದ ಭಾಗಿಸಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಇದೇ ಪಟ್ಟಿ ‘ಆರ್’ ಅನ್ನುವ ಅಂಕಿಅಂಶಗಳ ಸಾಫ್ಟ್‌ವೇರ್ ಜೊತೆಗೂ ಬರುತ್ತದೆ, ಅಲ್ಲಿ ಹೆಣ್ಣು-ಗಂಡು ಅಂತ ಇನ್ನೊಂದು ವಿಂಗಡಣೆಯೂ ಇದೆ. ಅದು ಮೂಲ ಸರ್ವೆಯದ್ದಲ್ಲ, ಪಾಠ ಹೇಳಲು ಅನುಕೂಲವಾಗಲಿ ಅಂತ ಆಮೇಲೆ ಸೇರಿಸಿದ್ದು. ಲೆಕ್ಕದ ಅಭ್ಯಾಸಕ್ಕೆ ಧಾರಾಳವಾಗಿ ಬಳಸಿ, ಆದರೆ ಹುಡುಗಿಯರಲ್ಲಿ ಇಷ್ಟು, ಹುಡುಗರಲ್ಲಿ ಇಷ್ಟು ಅಂತ ಅದರಿಂದ ತೀರ್ಮಾನ ಮಾತ್ರ ಬರೆಯಬೇಡಿ.