ಓದುಗರ ಪ್ರಶ್ನೆ: ಕಾದಂಬರಿಕಾರ ತೇಜು ಕೋಲ್ ಮತ್ತು ಅವರ ಕ್ಯಾಮೆರಾ

ಪ್ರಶ್ನೆ: ನಮ್ಮಲ್ಲಿ ತೇಜಸ್ವಿಯವರು ಕಾದಂಬರಿಗಳನ್ನೂ ಬರೆದರು, ಹಕ್ಕಿಗಳ ಫೋಟೊಗಳನ್ನೂ ತೆಗೆದರು. ನೈಜೀರಿಯಾ ಮೂಲದ ತೇಜು ಕೋಲ್ ಎಂಬ ಯುವ ಲೇಖಕರು ಹೀಗೆಯೇ ಎರಡನ್ನೂ ಮಾಡುತ್ತಾರೆಂದು ಕೇಳಿದ್ದೇನೆ. ಅವರ ಬದುಕು, ಬರಹಗಳ ಬಗ್ಗೆ ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಸಾಗರ

ಉತ್ತರ: ಕೋಲ್ ಅವರು ಹುಟ್ಟಿದ್ದು 1975ರ ಜೂನ್‌ನಲ್ಲಿ. ಅವರನ್ನು ಯುವ ಲೇಖಕರೆಂದು ಕರೆಯುವ ರೂಢಿ ಅವರ ಮೊದಲ ಎರಡು ಪುಸ್ತಕಗಳ ಕಾಲದಲ್ಲಿ ಬಿದ್ದದ್ದು, ಅದು ಇನ್ನೂ ಹೋಗಿಲ್ಲ. ಅಮೆರಿಕದ ಮಿಶಿಗನ್ ರಾಜ್ಯದ ಕಲಮಝೂ ಎಂಬ ಊರಿನಲ್ಲಿ ನೈಜೀರಿಯಾದ ದಂಪತಿಯ ಮಗನಾಗಿ ಹುಟ್ಟಿದ ಅವರು ಬೆಳೆದದ್ದು ಲಾಗೋಸ್‌ನಲ್ಲಿ. ಹದಿನೇಳನೆಯ ವಯಸ್ಸಿಗೆ ಅಮೆರಿಕಕ್ಕೆ ಮರಳಿದರು. ವೈದ್ಯಕೀಯ ಓದಲು ಸೇರಿ, ಅದನ್ನು ಅರ್ಧಕ್ಕೇ ಬಿಟ್ಟು, ಲಂಡನ್ನಿನಲ್ಲಿ ಆಫ್ರಿಕಾದ ಕಲೆಯ ಇತಿಹಾಸವನ್ನು ಅಭ್ಯಾಸ ಮಾಡಿದರು, ಬಳಿಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸದಲ್ಲೇ ಸಂಶೋಧನೆಗೆ ತೊಡಗಿದರು. ಒಂದು ಚಿತ್ರದ ಮುಂದೆ ತಾಳ್ಮೆಯಿಂದ ನಿಂತು ಅದರ ಮೂಲೆಮೂಲೆಗಳನ್ನು ಗಮನಿಸುವ ಆ ಶಿಸ್ತು ಅವರ ಗದ್ಯದಲ್ಲಿ ಎಲ್ಲೆಲ್ಲೂ ಕಾಣುತ್ತದೆ.

ಮೊದಲ ಪುಸ್ತಕ ‘ಎವ್ರಿ ಡೇ ಈಸ್ ಫಾರ್ ದ ಥೀಫ್’ 2007ರಲ್ಲಿ ನೈಜೀರಿಯಾದ ಅಬುಜಾ ನಗರದ ಕಸಾವ ರಿಪಬ್ಲಿಕ್ ಪ್ರಕಾಶನದಿಂದ ಬಂತು. ಹಲವು ವರ್ಷ ಅಮೆರಿಕದಲ್ಲಿದ್ದು ಲಾಗೋಸ್‌ಗೆ ಭೇಟಿ ಕೊಡುವ, ಹೆಸರೇ ಇಲ್ಲದ ನಿರೂಪಕನೊಬ್ಬನ ಕಥೆ ಇದು. ಅವನಿನ್ನೂ ವಿಮಾನ ಹತ್ತಿಲ್ಲ, ನ್ಯೂಯಾರ್ಕಿನಲ್ಲಿರುವ ತನ್ನ ದೇಶದ ಕಚೇರಿಯಲ್ಲೇ ಪಾಸ್‌ಪೋರ್ಟಿಗಾಗಿ ಕೈಬೆಚ್ಚಗೆ ಮಾಡಬೇಕಾಗುತ್ತದೆ. ಲಾಗೋಸ್‌ನ ಇಂಟರ್‌ನೆಟ್ ಕೆಫೆಗಳಲ್ಲಿ ಕುಳಿತು ಪರದೇಶದವರಿಗೆ ವಂಚನೆಯ ಪತ್ರ ಟೈಪ್ ಮಾಡುವ ಹುಡುಗರನ್ನು ಅವನು ಕಾಣುತ್ತಾನೆ. ಒಂದು ದಿನ ‘ಡಾನ್ಫೊ’ ಎಂದು ಅಲ್ಲಿನವರು ಕರೆಯುವ, ಕಿಕ್ಕಿರಿದ ಹಳದಿ ವ್ಯಾನಿನಲ್ಲಿ ಹೆಂಗಸೊಬ್ಬಳು ಶ್ರೀಲಂಕಾ ಮೂಲದ ಕೆನಡಾದ ಕಾದಂಬರಿಕಾರ ಮೈಕೇಲ್ ಒಂಡಾಟ್ಜಿಯ ಪುಸ್ತಕ ಓದುತ್ತಿರುವುದನ್ನು ನೋಡಿ ಅವನಿಗೆ ಹಿಗ್ಗೋ ಹಿಗ್ಗು. ಅವಳನ್ನು ಮಾತನಾಡಿಸಬೇಕು, ಈ ಊರಿನಲ್ಲಿ ಇಂಥ ಪುಸ್ತಕ ಎಲ್ಲಿ ಸಿಕ್ಕಿತೆಂದು ಕೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅವಳು ಇಳಿದು ಜನರ ನಡುವೆ ಮರೆಯಾಗುತ್ತಾಳೆ. ಆ ಪುಸ್ತಕದ ಪುಟಗಳ ನಡುವೆ ಕೋಲ್ ಅವರೇ ತೆಗೆದ ಕಪ್ಪು-ಬಿಳುಪು ಫೋಟೊಗಳಿವೆ. ಪಕ್ಕದ ಪುಟದಲ್ಲಿ ನಡೆದದ್ದನ್ನೇ ತೋರಿಸುವ ಗೋಜಿಗೆ ಅವು ಹೋಗುವುದಿಲ್ಲ.

ಅವರಿಗೆ ಹೆಸರು ತಂದುಕೊಟ್ಟದ್ದು 2011ರ ‘ಓಪನ್ ಸಿಟಿ’. ಮರುವರ್ಷ ಅದಕ್ಕೆ ಪೆನ್-ಹೆಮಿಂಗ್ವೇ ಪ್ರಶಸ್ತಿ ಬಂತು. ಜೂಲಿಯಸ್ ಎಂಬ ಮನೋವೈದ್ಯ ನ್ಯೂಯಾರ್ಕಿನ ಬೀದಿಗಳಲ್ಲಿ ಸುಮ್ಮನೆ ನಡೆಯುತ್ತಾನೆ, ನೋಡುತ್ತಾನೆ, ನೆನೆಯುತ್ತಾನೆ. ಕಥೆಯ ಓಟವನ್ನು ಬಯಸುವವರಿಗೆ ಇದು ಬೇಸರ ತರಿಸಬಹುದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಕೊನೆಯ ಹೊತ್ತಿಗೆ ಹಳೆಯ ಪರಿಚಯದ ಹೆಣ್ಣೊಬ್ಬಳು ಅವನ ಮೇಲೆ ಒಂದು ಘೋರ ಆರೋಪವನ್ನು ಹೊರಿಸಿದಾಗ, ಇಷ್ಟು ಸೂಕ್ಷ್ಮವಾಗಿ ಎಲ್ಲವನ್ನೂ ನೋಡುತ್ತ ಬಂದ ಮನುಷ್ಯ ಅದಕ್ಕೆ ಒಂದು ಮಾತಿನ ಉತ್ತರವನ್ನೂ ಕೊಡದೆ ಮುಂದೆ ಸಾಗುತ್ತಾನೆ. ಆಗ ಓದುಗರು ಹಿಂದಿನ ಪುಟಗಳನ್ನೆಲ್ಲ ಅನುಮಾನದಿಂದ ಮತ್ತೆ ತಿರುವಿಹಾಕಬೇಕಾಗುತ್ತದೆ.

ಪ್ರಶ್ನೆ: ಕಾದಂಬರಿಕಾರರು ತೆಗೆದ ಫೋಟೊಗಳು ಬರಹಕ್ಕೆ ಒಂದು ಅಲಂಕಾರ ಮಾತ್ರವಲ್ಲವೇ? ಕೋಲ್ ಅವರ ಚಿತ್ರಗಳಲ್ಲಿ ಮನುಷ್ಯರ ಮುಖಗಳೇ ವಿರಳ ಎನ್ನುತ್ತಾರೆ. ಇದಕ್ಕೆ ಕಾರಣವೇನು?
— ಓದುಗರೊಬ್ಬರು, ಮೈಸೂರು

ಉತ್ತರ: ಅಲಂಕಾರವೆನ್ನುವುದು ಇವರ ಮಟ್ಟಿಗೆ ಸಲ್ಲದು. 2011ರಲ್ಲಿ, ‘ಓಪನ್ ಸಿಟಿ’ ಹೊರಬಂದ ಸ್ವಲ್ಪ ದಿನಗಳಿಗೆ, ಅವರು ಒಂದು ಬೆಳಿಗ್ಗೆ ಎದ್ದಾಗ ಎಡಗಣ್ಣಿಗೆ ತೆರೆ ಎಳೆದಂತಾಗಿ ಏನೂ ಕಾಣದಾಗಿತ್ತು. ಅಕ್ಷಿಪಟಲಕ್ಕೆ ಸಂಬಂಧಿಸಿದ ಅಪರೂಪದ ತೊಂದರೆಯದು. ದೃಷ್ಟಿ ಮರಳಿತು, ಆದರೆ ಆ ಬಳಿಕ ತಾವು ಫೋಟೊ ತೆಗೆಯುವ ರೀತಿಯೇ ಬದಲಾಯಿತೆಂದು ಅವರು ಬರೆದುಕೊಂಡಿದ್ದಾರೆ. ಕಾಣುವುದನ್ನು ಹಿಡಿದಿಡುವುದರ ಜೊತೆಗೆ, ಕಾಣದೆ ಉಳಿದದ್ದರ ಸುಳಿವು ಕೊಡುವುದೂ ಕ್ಯಾಮೆರಾದ ಕೆಲಸವಾಯಿತು. 2017ರ ‘ಬ್ಲೈಂಡ್ ಸ್ಪಾಟ್’ ಬೆಳೆದದ್ದು ಈ ನೆಲೆಯಿಂದ. ಒಂದು ಪುಟದಲ್ಲಿ ಬಣ್ಣದ ಫೋಟೊ, ಎದುರಿಗೆ ಊರಿನ ಹೆಸರನ್ನೇ ತಲೆಬರಹವಾಗಿ ಹೊತ್ತ ಒಂದು ಕಿರುಗದ್ಯ, ಹೀಗೆ ನೂರೈವತ್ತಕ್ಕೂ ಹೆಚ್ಚು ಜೋಡಿಗಳು. ಚಿತ್ರದಲ್ಲಿ ಕಾಣುವುದು ಹೆಚ್ಚಾಗಿ ಪರದೆ, ಏಣಿ, ಹೊದಿಸಿದ ಬಟ್ಟೆ, ನಮಗೆ ಬೆನ್ನು ತೋರಿಸಿ ನಿಂತವರು. ಗದ್ಯ ಆ ಸ್ಥಳದ ಯಾವುದೋ ಹಳೆಯ ಹಿಂಸೆಯನ್ನೋ, ಬೈಬಲ್ಲಿನ ಒಂದು ಸಾಲನ್ನೋ ನೆನೆಯುತ್ತದೆ. ಕೆಲವು ಕಡೆ ಚಿತ್ರಕ್ಕೂ ಮಾತಿಗೂ ಇರುವ ನಂಟು ತೀರ ತೆಳುವಾಗಿ, ಲೇಖಕರು ಓದುಗರ ಮೇಲೆ ಅಗತ್ಯಕ್ಕಿಂತ ಹೆಚ್ಚಿನ ಹೊರೆ ಹಾಕಿದ್ದಾರೆ ಎಂದು ನನಗೆ ಅನ್ನಿಸಿದ್ದುಂಟು.

ಮುಖಗಳು ವಿರಳವೆಂಬುದು ನಿಜ. ಗುರುತಿಲ್ಲದ ಮನುಷ್ಯರ ಮುಖವನ್ನು, ಅದರಲ್ಲೂ ಬಡವರ ಮತ್ತು ನೊಂದವರ ಮುಖವನ್ನು, ದೂರದ ಯಾರೋ ಬಿಡುವಿನಲ್ಲಿ ನೋಡಲೆಂದು ತೆಗೆದುಕೊಂಡು ಹೋಗುವ ಹಕ್ಕು ಫೋಟೊಗ್ರಾಫರನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಅವರು ತಮ್ಮ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಎತ್ತಿದ್ದಾರೆ. 2020ರಲ್ಲಿ, ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುಂಚಿನ ಐದು ವಾರ, ಅವರು ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್‌ನ ತಮ್ಮ ಮನೆಯ ಅಡುಗೆಕಟ್ಟೆಯ ಫೋಟೊಗಳನ್ನಷ್ಟೇ ತೆಗೆದರು. ತೊಳೆಯದ ಬಟ್ಟಲು, ಬಾಣಲೆ, ಚಮಚ, ಅರ್ಧ ಉಳಿದ ಹಣ್ಣು ದಿನವೂ ಜಾಗ ಬದಲಿಸುತ್ತಿದ್ದವು, ಅವರು ಅವನ್ನು ಚಿತ್ರಕ್ಕಾಗಿ ಓರಣಗೊಳಿಸುತ್ತಿರಲಿಲ್ಲ. ಮರುವರ್ಷ ಬಂದ ‘ಗೋಲ್ಡನ್ ಆ್ಯಪಲ್ ಆಫ್ ದ ಸನ್’ ಎಂಬ ಆ ಪುಸ್ತಕದಲ್ಲಿ ಮನುಷ್ಯರೇ ಇಲ್ಲದಿದ್ದರೂ ಒಂದು ಮನೆಯ ಹಸಿವು ಮತ್ತು ಆತಂಕ ಎರಡೂ ಇವೆ.

2023ರ ‘ಟ್ರೆಮರ್’ ಕಾದಂಬರಿಯಲ್ಲಿ ಈ ಎರಡು ಕಸುಬುಗಳು ಒಂದೇ ಪಾತ್ರದಲ್ಲಿ ಬಂದು ಕೂಡಿವೆ. ಅದರ ನಾಯಕ ಟುಂಡೆ ಫೋಟೊಗ್ರಫಿಯನ್ನು ಕಲಿಸುವ ಪ್ರಾಧ್ಯಾಪಕ. ಮೊದಲ ಪುಟದಲ್ಲೇ ಅವನು ರಸ್ತೆಬದಿಯ ಹೂಬೇಲಿಯೊಂದರ ಮುಂದೆ ಟ್ರೈಪಾಡ್ ನಿಲ್ಲಿಸಿ ಎರಡು ಸಲ ಕ್ಲಿಕ್ಕಿಸುತ್ತಾನೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಯಾರೋ ಗದರುತ್ತಾರೆ, ಇದು ಖಾಸಗಿ ಜಾಗವೆನ್ನುತ್ತಾರೆ. ಕಪ್ಪು ಮೈಬಣ್ಣದ ಮನುಷ್ಯನೊಬ್ಬ ಅಮೆರಿಕದ ಶ್ರೀಮಂತ ಬಡಾವಣೆಯಲ್ಲಿ ಬೇಲಿಯ ಹೂವನ್ನು ನೋಡುತ್ತ ನಿಲ್ಲುವುದೂ ಸಲೀಸಲ್ಲ. ಮೂಡಿಗೆರೆಯ ಕೆರೆಯಂಚಿನಲ್ಲಿ ಕಾದು ಕುಳಿತ ತೇಜಸ್ವಿಯವರಿಗೆ ಹಕ್ಕಿ ಹಾರಿಹೋಗುವ ಚಿಂತೆಯಿದ್ದೀತು, ನೋಡುವ ಹಕ್ಕನ್ನು ಸಾಬೀತುಪಡಿಸುವ ಚಿಂತೆ ಇರಲಿಲ್ಲ.

ಪ್ರಶ್ನೆ: ಭಾರತದ ಫೋಟೊಗಳ ಬಗ್ಗೆ ಅವರು ಖಾರವಾಗಿ ಬರೆದಿದ್ದಾರಂತೆ, ಹೌದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೌದು. ಅವರು 2015ರಿಂದ 2019ರವರೆಗೆ ‘ನ್ಯೂಯಾರ್ಕ್ ಟೈಮ್ಸ್ ಮ್ಯಾಗಝಿನ್’ಗೆ ಫೋಟೊಗ್ರಫಿ ಅಂಕಣ ಬರೆಯುತ್ತಿದ್ದರು. 2016ರ ಒಂದು ಅಂಕಣದಲ್ಲಿ, ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಚಿತ್ರದಿಂದ ಜಗತ್ಪ್ರಸಿದ್ಧರಾದ ಸ್ಟೀವ್ ಮೆಕರಿ ಅವರ ಭಾರತದ ಚಿತ್ರಗಳನ್ನು ಎತ್ತಿಕೊಂಡು, ಪೇಟ, ಗಡ್ಡ, ಬಣ್ಣಬಣ್ಣದ ಸೀರೆಗಳ ಈ ಭಾರತ ಅತಿಯಾಗಿ ಅಚ್ಚುಕಟ್ಟಾಗಿದೆ, ನೋಡುಗರು ಮೊದಲೇ ಕಲ್ಪಿಸಿಕೊಂಡಿದ್ದ ದೇಶವನ್ನೇ ಅವರಿಗೆ ಹಿಂದಿರುಗಿಸುತ್ತದೆ ಎಂದು ವಾದಿಸಿದರು. ಅದಕ್ಕೆ ಎದುರಾಗಿ ಅವರು ಮುಂದಿಟ್ಟದ್ದು ಜೈಪುರದಲ್ಲಿ ಹುಟ್ಟಿದ ರಘುಬೀರ್ ಸಿಂಗ್ (1942–1999) ಅವರ ಚಿತ್ರಗಳನ್ನು. ಸಿಂಗ್ ಅವರ ಚೌಕಟ್ಟಿನಲ್ಲಿ ಅಂಬಾಸಿಡರ್ ಕಾರಿನ ಬಾಗಿಲು, ಕನ್ನಡಿ, ನಡುವೆ ಅಡ್ಡಬರುವ ಕಂಬ, ತಮ್ಮ ಪಾಡಿಗೆ ನಡೆದುಹೋಗುವ ಜನ ಎಲ್ಲವೂ ಒಟ್ಟೊಟ್ಟಿಗೆ ನುಗ್ಗುತ್ತವೆ. ನಮ್ಮ ಯಾವುದೇ ಬಸ್ ನಿಲ್ದಾಣದಲ್ಲಿ ನಿಂತು ನೋಡಿದವರು ಈ ಮಾತಿನಲ್ಲಿ ಕೋಲ್ ಅವರ ಪಕ್ಷವನ್ನೇ ವಹಿಸುತ್ತಾರೆ.

ಪ್ರಶ್ನೆ: ಯಾವ ಪುಸ್ತಕದಿಂದ ಓದಲು ಆರಂಭಿಸಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲ ಪುಸ್ತಕದಿಂದಲೇ. ಅದು ಚಿಕ್ಕದು, ಭಾಷೆ ತಿಳಿಯಾದದ್ದು, ಲಂಚದ ಪ್ರಸಂಗಗಳಿಗಂತೂ ನಮಗೆ ಟಿಪ್ಪಣಿ ಬೇಕಿಲ್ಲ. ಆಮೇಲೆ ‘ಬ್ಲೈಂಡ್ ಸ್ಪಾಟ್’ ಅನ್ನು ದಿನಕ್ಕೆ ನಾಲ್ಕೈದು ಪುಟಗಳಂತೆ, ಮೊದಲು ಚಿತ್ರ ನೋಡಿ ನಂತರ ಗದ್ಯ ಓದಿ. ‘ಓಪನ್ ಸಿಟಿ’ಯನ್ನು ಬಿಡುವಿರುವಾಗ ಕೈಗೆತ್ತಿಕೊಳ್ಳಿ, ಅದನ್ನು ಬಸ್ಸಿನಲ್ಲಿ ಓದಲಾಗದು.