ಇರಾನಿನ ಹೊರ್ಮುಜ್ ದ್ವೀಪದ ಕೆಂಪು ತೀರ ಮಂಕಾಗಿ ಕಂಡದ್ದೇಕೆ?

ನೀವು ತಲುಪಿದ ಹೊತ್ತೇ ಬಹುಶಃ ಕಾರಣ. ಮಧ್ಯಾಹ್ನ ಒಂದಕ್ಕೆ ಹೋದಾಗ ತೀರ ಬರೀ ಕಂದಾಗಿತ್ತು ಎಂದಿದ್ದೀರಿ. ಅಲ್ಲಿನ ಬಣ್ಣ ಹೆಮಟೈಟ್‌ನದು, ಅಂದರೆ ಕಬ್ಬಿಣದ ಆಕ್ಸೈಡ್. ಒಣಗಿದ ಮಣ್ಣು ನೆತ್ತಿಯ ಬಿಸಿಲಲ್ಲಿ ಮಂಕು. ಅಲೆ ತೋಯಿಸಿದ ಅಂಚು ಇಳಿಬಿಸಿಲಲ್ಲಿ ಕಡುಗೆಂಪು.

ಸರ್ಕಾರದ ಪ್ರಯಾಣ ಸೂಚನೆ ನೋಡಿಕೊಂಡು, ಈ ಸಲ ಡಿಸೆಂಬರ್–ಫೆಬ್ರವರಿಯಲ್ಲಿ ಹೋಗಿ. ಒಂದು ರಾತ್ರಿ ದ್ವೀಪದಲ್ಲೇ ಉಳಿಯಿರಿ. ಎದುರಿನ ಬಂದರು ನಗರ ಬಂದರ್ ಅಬ್ಬಾಸ್‌ನ ಶಹೀದ್ ಹಕ್ಕಾನಿ ಧಕ್ಕೆಯಿಂದ ಬೆಳಗಿನ ದೋಣಿ ಹಿಡಿಯಿರಿ. ಗಾಳಿ ಜೋರಾದರೆ ದೋಣಿ ನಿಲ್ಲುತ್ತದೆ, ಆದ್ದರಿಂದ ವಾಪಸ್ ವಿಮಾನಕ್ಕೆ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ನಮ್ಮ ಬ್ಯಾಂಕ್ ಕಾರ್ಡ್ ಇರಾನಿನಲ್ಲಿ ನಡೆಯದು, ನಗದು ಬೇಕು.

ಇಳಿದ ಮೇಲೆ ಮೊದಲು ಹತ್ತಿರದ ಪೋರ್ಚುಗೀಸ್ ಕೋಟೆ. 1507ರಲ್ಲಿ ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ ಶುರು ಮಾಡಿಸಿದ್ದು, 1622ರಲ್ಲಿ ಪರ್ಷಿಯಾದ ದೊರೆ ಶಾ ಅಬ್ಬಾಸನ ವಶವಾಯಿತು. ಒಳಗಿನ ನೀರಿನ ತೊಟ್ಟಿಯನ್ನು ದಯವಿಟ್ಟು ನೋಡಿ. ಸಿಹಿನೀರಿಗೆ ಪರದಾಡುವ ಈ ಉಪ್ಪಿನ ದ್ವೀಪ ಹೇಗೆ ಬದುಕಿತೆಂದು ಅಲ್ಲಿ ತಿಳಿಯುತ್ತದೆ. ವಿಜಯನಗರಕ್ಕೆ ಕುದುರೆಗಳು ಹಡಗೇರುತ್ತಿದ್ದದ್ದೂ, ಮುಂದೆ ವಿಜಯನಗರ ಕಂಡ ಪರ್ಷಿಯನ್ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಗೆ ಹೊರಟದ್ದೂ ಈ ದ್ವೀಪದಿಂದಲೇ.

ಮಧ್ಯಾಹ್ನ ಎರಡರ ಹೊತ್ತಿಗೆ ಆಟೋ ಹಿಡಿದು, ಇಡೀ ಸುತ್ತಿಗೆ ಬಾಡಿಗೆ ಮೊದಲೇ ಗೊತ್ತು ಮಾಡಿಕೊಳ್ಳಿ. ಬಣ್ಣಬಣ್ಣದ ಮಣ್ಣಿನ ಕಾಮನಬಿಲ್ಲಿನ ಕಣಿವೆ ಮೊದಲು, ಕೆಂಪು ತೀರ ಕೊನೆಗೆ, ಸೂರ್ಯಾಸ್ತಕ್ಕೆ ಒಂದು ಗಂಟೆ ಇರುವಾಗ. ತಿಳಿ ಬಣ್ಣದ ಬಟ್ಟೆ ಬೇಡ, ಕಲೆ ಸುಲಭಕ್ಕೆ ಹೋಗದು. ಮಣ್ಣನ್ನು ಮಾತ್ರ ತರಬೇಡಿ.